ಕೀಲಿಯ ಕತ್ತಿನ ಗೀರು

ಬೀಗದಜ್ಜನ ಮುತ್ತಜ್ಜ ಲಾಳ ಬಡಿಯುತ್ತಲೇ ಬೀಗ ಮಾಡಲು ಕಲಿತವನು. ತಾತ, ಸೆರೆಮನೆಯ ಹೆಬ್ಬಾಗಿಲ ಬೀಗ ಕೈಕೊಟ್ಟಾಗ ಅರ್ಧ ದಿನದಲ್ಲಿ ಬಿಚ್ಚಿ ಕೂಡಿಸಿ, ಒಳಗಿದ್ದವರ ಬೈಗುಳವನ್ನೆಲ್ಲ ಕಟ್ಟಿಕೊಂಡು ಬಂದವನು. ಅಪ್ಪನಂತೂ, ಮೇಣದ ಅಚ್ಚು ತಂದು ಕೀಲಿ ಮಾಡಿಕೊಡು ಎಂದ ಸಾಹುಕಾರನನ್ನು, "ಬೀಗ ತಗೊಂಡು ಬಾ, ಬಾಗಿಲ ಒಡೆಯನ್ನೂ ಕರ್ಕೊಂಡು ಬಾ" ಎಂದು ಎಬ್ಬಿಸಿ ಕಳಿಸಿದವನು.

ಅಜ್ಜನ ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದು. ಕೂತರೆ ಮೊಣಕಾಲು ಬೀದಿಯಲ್ಲಿ. ಬೀಗ ತಂದವರು ಏನೇ ಕಥೆ ಹೊಸೆಯಲಿ, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ನೀ ಸುಮ್ನಿರು, ಇದೇ ಹೇಳ್ತದೆ" ಎನ್ನುತ್ತಿದ್ದ.

ಇಂಥವನ ಅಳಿಯನೇ ಕಳ್ಳತನದ ಆರೋಪದಲ್ಲಿ ಕಟಕಟೆ ಹತ್ತಿದ. ಬಟ್ಟೆಯ ಉಗ್ರಾಣದ ಗುಮಾಸ್ತ ಅವನು. ಬೀಗ ಒಡೆಯದೆಯೇ ಸರಕು ಮಾಯವಾಗಿತ್ತು. ಅವನ ಮೇಜಿನ ಖಾನೆಯಲ್ಲಿ ಹೊಸದೊಂದು ಕಳ್ಳಕೀಲಿ ಸಿಕ್ಕಿತ್ತು. ಪೊಲೀಸರು ಅದನ್ನು ಬೀಗಕ್ಕೆ ಹಾಕಿಯೂ ನೋಡದೆ ಅರಗಿನ ಮುದ್ರೆ ಒತ್ತಿಟ್ಟಿದ್ದರು. ಊರ ಬಾಯಿಗೆ ಅಷ್ಟು ಸಾಕಾಯಿತು. ಆ ಬೀಗವನ್ನು ಹಿಂದೊಮ್ಮೆ ರಿಪೇರಿ ಮಾಡಿದ್ದವನು ಅಜ್ಜ. ಹಾಗಾಗಿ ಅವನನ್ನೂ ಸಾಕ್ಷಿಗೆ ಕರೆದರು.

"ಆ ಕೀಲಿ ಈ ಬೀಗಕ್ಕೆ ಕೂರೋದೇ ಇಲ್ಲ ಅಂದುಬಿಡು ಅಜ್ಜ, ಗೆದ್ವಿ" ಎಂದರು ಅಳಿಯನ ವಕೀಲರು.

"ಹಾಕಿ ನೋಡದೆ ಹೆಂಗೆ ಹೇಳ್ಲಿ?"

"ಅಪ್ಪಾ, ಆ ಕೀಲಿ ಬೀಗ ತೆಗೆದುಬಿಟ್ರೆ ನಮ್ಮನೆಯವರು ಜೈಲಿಗೆ ಹೋಗ್ತಾರೆ!" ಎಂದು ಮಗಳು ಅತ್ತಳು.

"ತೆಗೆದ್ರೆ ತೆಗೀತು ಅಂತೀನಿ, ಮಗಳೇ." ಅಜ್ಜ ಅವಳ ಕಣ್ಣೊರೆಸಿದ.

ಕೋರ್ಟಿನಲ್ಲಿ ಎದುರು ವಕೀಲರು ಚುಚ್ಚಿದರು. "ಅಳಿಯನ್ನ ಬಿಡಿಸ್ಕೊಂಡು ಹೋಗೋಕೆ ಬಂದ್ಯಾ, ಮಾವಾ?"

"ಅಳಿಯ ನನ್ನವನು, ನಿಜ. ಈ ಕಬ್ಬಿಣ ಯಾರಿಗೂ ನೆಂಟ ಅಲ್ಲವಲ್ಲ, ಅದನ್ನ ಕೇಳಿ."

ಅರಗಿನ ಮುದ್ರೆ ಒಡೆದು ಬೀಗವನ್ನೂ ಕೀಲಿಯನ್ನೂ ಮೇಜಿನ ಮೇಲಿಟ್ಟರು. ಅಜ್ಜ ಮುಟ್ಟಲಿಲ್ಲ.

"ಬುದ್ಧೀ, ಮೊದಲು ತಾವು ಆ ಕೀಲಿಯ ಕತ್ತು ನೋಡಿ ಬರೆಸಿಕೊಳ್ಳಿ. ಗೀರು ಇದೆಯಾ?"

ನ್ಯಾಯಾಧೀಶರು ಭೂತಗನ್ನಡಿ ಹಿಡಿದು ನೋಡಿದರು. ಅರ ಉಜ್ಜಿದ ಹೊಸ ಗುರುತು ಬಿಟ್ಟರೆ ಏನೂ ಇರಲಿಲ್ಲ. ಹಾಗೆಂದೇ ಬರೆಸಿದರು. ಆಮೇಲೆ ಅಜ್ಜ ಕೀಲಿ ತಿರುಗಿಸಿದ. ಕಟಕ್ಕೆಂದು ಬೀಗ ತೆರೆಯಿತು. ಎದುರು ವಕೀಲರ ಮುಖ ಅರಳಿತು. ಮಗಳು ಕುಸಿದು ಕೂತಳು.

"ಈಗ ನೋಡಿ, ಬುದ್ಧೀ."

ಕೀಲಿಯ ಕತ್ತಿನ ಮೇಲೆ ಕೂದಲೆಳೆಯಂಥ ಗೀರು ಮೂಡಿತ್ತು.

"ರಿಪೇರಿ ಮಾಡಿದಾಗ ಒಳಗಿನ ಮೊಳೆ ನಾನು ಸರಿಯಾಗಿ ತಟ್ಟಿರಲಿಲ್ಲ, ತುದಿ ಚಾಚ್ಕೊಂಡಿದೆ. ನನ್ನದೇ ತಪ್ಪು, ಬೇಕಾದ್ರೆ ಬರ್ಕೊಳ್ಳಿ. ಒಂದೇ ಸಲ ತಿರುಗಿದ ಕೀಲಿಯನ್ನೂ ಅದು ಗೀರದೆ ಬಿಡಲ್ಲ. ಮಾಲೀಕರ ಕೀಲಿ ತರಿಸಿ ನೋಡಿ. ಈ ಕಳ್ಳಕೀಲಿ ಈ ಬೀಗ ತೆಗೆದಿದ್ದು ಇವತ್ತೇ ಮೊದಲು."

ತರಿಸಿದರು. ಮಾಲೀಕರ ಕೀಲಿಯಲ್ಲೂ ಅದೇ ಜಾಗದಲ್ಲಿ ಗೀರು. ಅಳಿಯ ಬಿಡುಗಡೆಯಾದ. ತನ್ನ ಕೆಲಸದ ಹುಳುಕನ್ನು ತುಂಬಿದ ಕೋರ್ಟಿನಲ್ಲಿ ತಾನೇ ಎತ್ತಿ ತೋರಿಸುವ ಎದೆ ಎಷ್ಟು ಮಂದಿಗಿದೆ?

ಮೆಟ್ಟಿಲಿಳಿಯುವಾಗ ಅಳಿಯನ ವಕೀಲರು ಅಜ್ಜನ ಭುಜ ತಬ್ಬಿದರು. "ಖಾನೇಲಿ ಕೀಲಿ ಇಟ್ಟೋನು ಮಾಲೀಕನ ತಮ್ಮ ಅಂತ ಊರೆಲ್ಲ ಹೇಳ್ತಿದೆ. ಅವನ ಮೇಲೆ ಪುಕ್ಕಟೆ ಕೇಸು ನಡೆಸಿಕೊಡ್ತೀನಿ, ಅಜ್ಜ."

"ಬೇಡ ಸ್ವಾಮೀ. ಇಟ್ಟಿದ್ದನ್ನ ನಾನು ಕಂಡಿಲ್ಲ, ನೀವೂ ಕಂಡಿಲ್ಲ. ನನ್ನ ಅಳಿಯನ್ನ ಇಲ್ಲಿಗೆ ಎಳ್ಕೊಂಡು ಬಂದಿದ್ದೂ ಇದೇ ಊರ ಬಾಯಿ."