ರಂಗವ್ವನ ಇಳಿದನಿ

ಶಿರೂರಿನಲ್ಲಿ ರಂಗವ್ವನ ಗಂಟಲಿನ ಬಗ್ಗೆ ಎರಡು ಮಾತಿಲ್ಲ. ಅವಳು ತನ್ನ ಅಂಗಳದಲ್ಲಿ ನಿಂತು ಸೊಸೆಗೆ ಚಹಾ ಇಡಲು ಹೇಳಿದರೆ ಹಿಂದಿನ ಓಣಿಯವರು ಎದ್ದು ಒಲೆ ಹಚ್ಚುತ್ತಾರೆ ಎಂದು ಊರು ನಗುತ್ತದೆ. ನಗಲಿ ಬಿಡಿ. ಅವಳದು ಬೀರಪ್ಪ ದೇವರಿಗೆ ನಡೆದುಕೊಳ್ಳುವ ಕುರುಬರ ಮನೆತನ, ಹುಟ್ಟಿದ್ದೇ ಕುರಿಹಿಂಡಿನ ನಡುವೆ. ಅಪ್ಪ ಈ ಗುಡ್ಡದ ಮೇಲಿದ್ದರೆ ಮಗಳು ಆ ಗುಡ್ಡದ ಮೇಲೆ, ನಡುವೆ ಹಳ್ಳ. ಅಲ್ಲಿ ಮೆಲ್ಲಗೆ ಮಾತಾಡುವವರಿಗೆ ಹಿಂಡೂ ಉಳಿಯುತ್ತಿರಲಿಲ್ಲ, ಮಧ್ಯಾಹ್ನದ ರೊಟ್ಟಿಯೂ ಸಿಗುತ್ತಿರಲಿಲ್ಲ. ರಂಗವ್ವ ಮದುವೆಯಾಗಿ ಊರಿಗೆ ಬಂದು, ಮಕ್ಕಳ ಮದುವೆ ಮಾಡಿ, ಐವತ್ತು ದಾಟಿದಳು. ಧ್ವನಿ ಮಾತ್ರ ಗುಡ್ಡದ ಮೇಲೆಯೇ ಉಳಿದಿತ್ತು.

ಅಂಥವಳ ಕೈಗೆ ಪೊಲೀಸರು ವಾಕಿಟಾಕಿ ಕೊಟ್ಟರು. ಕೊಟ್ಟರು ಎನ್ನುವುದೂ ಅಷ್ಟು ಸರಿಯಲ್ಲ, ಅವಳೇ ಬೆನ್ನು ಬಿಡದೆ ಪಡೆದುಕೊಂಡಳು.

ಅವಳು ಕಾವಲು ಕಾಯುವ ಶಾಲೆ ಊರ ಹೊರಗೆ, ಹುನಗುಂದದ ಕಡೆ ಹೋಗುವ ದೊಡ್ಡ ರಸ್ತೆಯ ಮಗ್ಗುಲಲ್ಲಿದೆ. ಶಾಲೆ ಈ ಕಡೆ, ಮಕ್ಕಳ ಮನೆಗಳೆಲ್ಲ ಆ ಕಡೆ. ಗೇಟಿನಿಂದ ಸ್ವಲ್ಪ ದೂರದಲ್ಲಿ ರಸ್ತೆ ದಿಬ್ಬ ಏರುತ್ತದೆ. ದಿಬ್ಬದ ಆಚೆಯಿಂದ ಏನು ಬರುತ್ತಿದೆ ಎಂಬುದು ಅದು ನೆತ್ತಿ ದಾಟಿ ಕೆಳಗೆ ಧಾವಿಸುವವರೆಗೂ ಗೇಟಿನಲ್ಲಿ ನಿಂತವರಿಗೆ ಕಾಣುವುದಿಲ್ಲ. ಕಬ್ಬಿನ ಸುಗ್ಗಿ ಬಂತೆಂದರೆ ಕೇಳುವುದೇ ಬೇಡ. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ, ಮನೆಯೆತ್ತರದ ಕಬ್ಬು, ಕಿವಿ ಹರಿಯುವ ಡೆಕ್ಕಿನ ಹಾಡು. ಓಡಿಸುವವನಿಗೆ ಹಿಂದಿನ ಹಾರ್ನೂ ಕೇಳುವುದಿಲ್ಲ, ಮುಂದಿನ ಮಗುವೂ ಕಾಣುವುದಿಲ್ಲ.

ಅವಳ ತಂಗಿಯ ಮಗ ಅರ್ಜು ಕಾಲು ಕೊಟ್ಟದ್ದು ಇದೇ ರಸ್ತೆಗೆ. ಆಗ ರಂಗವ್ವ ಶಾಲೆಯಲ್ಲಿ ಅಡುಗೆಗೆ ನಿಲ್ಲುತ್ತಿದ್ದಳು, ಅವನು ಕೊನೆಯ ತರಗತಿಯಲ್ಲಿದ್ದ. ಸಂಜೆ ಹುಡುಗ ರಸ್ತೆ ದಾಟುತ್ತಿದ್ದಾಗ ದಿಬ್ಬದ ಮೇಲಿಂದ ಟ್ರ್ಯಾಕ್ಟರ್ ಇಳಿದದ್ದನ್ನು ಅವಳು ನೋಡಿದಳು. ನೋಡಿದವಳೇ ಇದ್ದಬದ್ದ ಉಸಿರೆಲ್ಲ ಸೇರಿಸಿ "ಅರ್ಜೂ" ಎಂದು ಒದರಿದಳು. ಹುಡುಗ ಹಾಗೇ ನಡೆದಿದ್ದರೆ ದಾಟಿಬಿಡುತ್ತಿದ್ದ. ದೊಡ್ಡವ್ವ ಕರೆದಳಲ್ಲ, ನಿಂತ. ನಡುರಸ್ತೆಯಲ್ಲಿ ನಿಂತು ಹೊರಳಿ ಅವಳನ್ನೇ ನೋಡಿದ.

ಜೀವ ಉಳಿಯಿತು, ಎಡಗಾಲು ಗಿಡ್ಡವಾಯಿತು. ಈಗ ಅವನು ಗೇಟಿನ ಎದುರಿಗೇ ಟೇಲರ್ ಅಂಗಡಿ ಇಟ್ಟುಕೊಂಡು ಶಾಲೆಯ ಯೂನಿಫಾರ್ಮನ್ನೂ ಊರ ಹೆಂಗಸರ ಕುಪ್ಪಸಗಳನ್ನೂ ಹೊಲಿಯುತ್ತಾನೆ. ಆ ದಿನದ ಬಗ್ಗೆ ದೊಡ್ಡವ್ವನಿಗೆ ಒಂದು ಮಾತು ಅಂದವನಲ್ಲ. ಅನ್ನದೇ ಇದ್ದದ್ದೇ ಅವಳನ್ನು ಹೆಚ್ಚು ಸುಟ್ಟಿತು.

ಒಲೆ ಬಿಟ್ಟು ಗೇಟಿಗೆ ಬಂದಳು. ಇಲಕಲ್ಲ ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟಳು. ಪ್ರತಿ ಸುಗ್ಗಿಗೂ ಠಾಣೆಯ ಮೆಟ್ಟಿಲು ಹತ್ತಿ, "ದಿಬ್ಬದ ಮ್ಯಾಲೆ ಒಬ್ಬ ಪೊಲೀಸನ್ನ ನಿಲ್ಲಸ್ರಿ" ಎಂದು ಹಟ ಹಿಡಿದಳು. ಅವಳು ಒಳಗೆ ಬಂದು ಮಾತಾಡಿದರೆ ಠಾಣೆಯಲ್ಲಿ ಫೋನು ಕೂಡ ಕೇಳುತ್ತಿರಲಿಲ್ಲವಂತೆ. ಅದಕ್ಕೇ ಒಪ್ಪಿದರೋ ಏನೋ, ಅಂತೂ ಒಪ್ಪಿದರು. ಸುಗ್ಗಿ ಮುಗಿಯುವವರೆಗೆ ಶಾಲೆ ಬಿಡುವ ಹೊತ್ತಿಗೆ ಯುನೂಸ ಎಂಬ ಕಾನ್‌ಸ್ಟೆಬಲ್ ದಿಬ್ಬದ ಮೇಲೆ, ನೆತ್ತಿಯ ಆಚೆ ಮಗ್ಗುಲಿಗೆ ನಿಲ್ಲುವುದು, ಶಾಲೆಗೆ ವಾಕಿಟಾಕಿಯ ಎರಡು ಸೆಟ್ಟು ಕೊಡುವುದು. ಸರಿಹೋದರೆ ಪ್ರತಿವರ್ಷ. ಸರಿಹೋಗದಿದ್ದರೆ ಸೆಟ್ಟೂ ವಾಪಸ್ಸು, ಯುನೂಸನೂ ವಾಪಸ್ಸು.

ಕೆಲಸ ಹೇಳಲಿಕ್ಕೆ ಸುಲಭ. ಗೇಟಿನಲ್ಲಿ ರಂಗವ್ವ ಒಂದು ಸೆಟ್ಟು ಹಿಡಿದು, "ಮಕ್ಕಳು ತಯಾರ" ಅನ್ನಬೇಕು. ಯುನೂಸ ದಿಬ್ಬದಾಚೆ ಗಾಡಿಗಳನ್ನು ತಡೆದು, "ನಿಂತಾವ" ಅನ್ನಬೇಕು. ರಸ್ತೆಯಾಚೆ ಇನ್ನೊಂದು ಸೆಟ್ಟು ಹಿಡಿದ ಆಟದ ಟೀಚರ್ ಫರಹಾನಾ ಕೆಂಪು ಬಾವುಟ ಎತ್ತಿ ಊರ ಕಡೆಯ ಗಾಡಿಗಳನ್ನು ನಿಲ್ಲಿಸಬೇಕು. ಮಕ್ಕಳು ಜೋಡಿಜೋಡಿಯಾಗಿ ಕೈಹಿಡಿದು ದಾಟಬೇಕು. ಕೊನೆಯ ಮಗುವಿನ ಹಿಂದೆ ತಾನೂ ದಾಟಿ ರಂಗವ್ವ "ರಸ್ತಾ ಖಾಲಿ" ಅನ್ನಬೇಕು.

ಮೊದಲ ದಿನವೇ ಎಡವಟ್ಟಾಯಿತು. ಮಕ್ಕಳು ರಸ್ತೆಯಲ್ಲಿದ್ದಾಗ ಯುನೂಸ, "ಇನ್ನೂ ಎಷ್ಟು ಮಕ್ಕಳು ಅದಾವ್ರಿ ಅಕ್ಕಾರ?" ಎಂದು ಕೇಳಿದ. ದಿಬ್ಬದಾಚೆ ನಿಂತವನಿಗೆ ಕೇಳಬೇಕಲ್ಲ ಎಂದು ರಂಗವ್ವ ಸೆಟ್ಟನ್ನು ತುಟಿಗೆ ಒತ್ತಿಕೊಂಡು ಗುಡ್ಡದ ಧ್ವನಿ ತೆಗೆದಳು. ಆ ಧ್ವನಿ ಆ ಪುಟ್ಟ ಡಬ್ಬಿಯಲ್ಲಿ ಹಿಡಿಸಲಿಲ್ಲ. ಅತ್ತ ಯುನೂಸನ ಕಿವಿಗೆ ಬರೀ ಗರಗರ. ಉತ್ತರ ಬರದಿದ್ದಕ್ಕೆ ಇವಳು ಇನ್ನೂ ಜೋರಾಗಿ ಒದರಿದಳು. ಒತ್ತಿದ ಗುಂಡಿ ಬಿಡಲಿಲ್ಲ, ಹಾಗಾಗಿ ಅವನು ಕೇಳಿದ್ದು ಇವಳಿಗೂ ತಲುಪಲಿಲ್ಲ. ಏನೋ ಅನಾಹುತವಾಗಿದೆ ಎಂದು ಗಾಬರಿಯಾಗಿ ಅವನು ನೋಡಲು ದಿಬ್ಬ ಇಳಿದು ಓಡಿಬಂದ. ಅವನ ಬೆನ್ನಿಗೇ ಟ್ರ್ಯಾಕ್ಟರ್ ಇಳಿಯಿತು.

ಪುಣ್ಯಕ್ಕೆ ಅದರ ಬ್ರೇಕು ಹಿಡಿಯಿತು. ಮಕ್ಕಳು ಚೆಲ್ಲಾಪಿಲ್ಲಿ ಓಡಿದರು, ನಿಖತ ಎಂಬ ಎರಡನೆಯ ತರಗತಿಯ ಹುಡುಗಿ ಬಿದ್ದು ಮೊಣಕಾಲು ತರಚಿಕೊಂಡಳು. ಅಷ್ಟೇ. ಆದರೆ ಮುಖ್ಯೋಪಾಧ್ಯಾಯಿನಿ ರಾಜಶ್ರೀ ಮೇಡಂ ಬೆವೆತುಹೋಗಿದ್ದರು.

"ರಂಗವ್ವ, ನಿನ್ನ ಗಂಟಲಿಗೆ ಈ ಡಬ್ಬಿ ತಡಿಯೂದಿಲ್ಲವಾ. ಸೆಟ್ಟ ವಾಪಸ್ ಕೊಟ್ಟು ಬಿಡೂಣು."

"ಒಮ್ಮೆ ಕೊಟ್ರ ಮತ್ತ ಸಿಗೂದಿಲ್ರಿ ಮೇಡಮ್ಮಾರ. ಇದೊಂದ ವಾರ ನನಗ ಬಿಡ್ರಿ, ಕಲೀತೇನಿ. ಕಲೀಲಿಲ್ಲಂದ್ರ ನಾನಽ ಠಾಣೆಕ್ಕ ಹೋಗಿ ಕೊಟ್ಟು ಬರ್ತೇನಿ."

ಇದನ್ನೂ ಅವಳು ಒದರಿಯೇ ಹೇಳಿದಳು. ರಸ್ತೆಯಾಚೆ ಅರ್ಜುವಿನ ಹೊಲಿಗೆ ಮಷಿನ್ನು ನಿಂತಿತು.

ಯುನೂಸ ಒಳ್ಳೆಯವನು. ಮಕ್ಕಳೆಲ್ಲ ಹೋದ ಮೇಲೆ ದಿನಾಲೂ ಗೇಟಿಗೆ ಬಂದು ಕಲಿಸುತ್ತಿದ್ದ. "ಬಾಯಿಂದ ಅಂಗೈಯಷ್ಟು ದೂರ ಹಿಡೀರಿ ಅಕ್ಕಾರ. ಗುಂಡಿ ಒತ್ತರಿ, ಒಂದು ಉಸಿರು ತಡೀರಿ, ಮಾತಾಡ್ರಿ, ಬಿಡ್ರಿ. ಒದರಬ್ಯಾಡ್ರಿ. ಅದರ ಕಿವಿ ಭಾಳ ಸೂಕ್ಷ್ಮ ಐತ್ರಿ."

ಒತ್ತುವುದು, ಬಿಡುವುದು ಬೇಗ ಬಂತು. ಧ್ವನಿ ಮಾತ್ರ ಮಾತು ಕೇಳಲಿಲ್ಲ. ಮೊದಲ ಶಬ್ದ ಮೆಲ್ಲಗೆ ಹೊರಟರೆ ಮೂರನೆಯದು ಗುಡ್ಡ ಹತ್ತಿರುತ್ತಿತ್ತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೋಡಿದಳು. ಪಿಸುಗುಟ್ಟಿ ನೋಡಿದಳು, ಬರೀ ಗಾಳಿ ಬಂತು. ಮನೆಯಲ್ಲಿ ರೊಟ್ಟಿ ಬಡಿಯುತ್ತ ಮೆಲ್ಲಗೆ ಮಾತಾಡಿ ರೂಢಿ ಮಾಡಿಕೊಳ್ಳಲು ಹೋದರೆ ಸೊಸೆ ಗಾಬರಿಯಾದಳು. "ಯಾಕ್ರಿ ಅತ್ತಿ, ಮೈಯಾಗ ಆರಾಮಿಲ್ಲೇನ್ರಿ? ದವಾಖಾನಿಗೆ ಹೋಗೂಣೇನು?"

ವಾರ ಮುಗಿಯುತ್ತ ಬಂದಿತ್ತು. ಸಿಟ್ಟು ಬಂತು ಅವಳಿಗೆ, ತನ್ನ ಮೇಲೆಯೇ. ಒಂದು ಹುಡುಗನ ಕಾಲು ತಿಂದ ಈ ಗಂಟಲು ಇನ್ನೂ ಬುದ್ಧಿ ಕಲಿಯಲಿಲ್ಲವಲ್ಲ ಎಂದು.

ರವಿವಾರ ಅಣ್ಣನ ಕುರಿಹಟ್ಟಿಗೆ ಹೋದಳು. ಅಣ್ಣ ಇನ್ನೂ ಕುರಿ ಬಿಟ್ಟಿಲ್ಲ, ಬನಶಂಕರಿಯ ಕಡೆ ಯಾರದೋ ಹೊಲದಲ್ಲಿ ಬಲೆ ಕಟ್ಟಿ ಹಿಂಡು ತರುಬಿದ್ದ. ಚೊಚ್ಚಲು ಕುರಿಯೊಂದು ತನ್ನ ಮರಿಯನ್ನೇ ಹತ್ತಿರ ಬಿಟ್ಟುಕೊಳ್ಳದೆ ಒದೆಯುತ್ತಿತ್ತು. ಅಣ್ಣ ಹಿಡಿದು ಸಾಕಾಗಿದ್ದ. ರಂಗವ್ವ ಹೋಗಿ ಕುರಿಯ ಕೊರಳು ತೊಡೆಗೆ ಆನಿಸಿಕೊಂಡು ಕುಳಿತಳು. ಮರಿಯನ್ನು ಮೊಲೆಗೆ ಹಚ್ಚುತ್ತ, "ನಿಲ್ಲ ನನ್ನವ್ವ, ನಿಂದಽ ಐತಿ, ನಿಂದಽ ಕೂಸೈತಿ" ಎಂದು ಅನ್ನುತ್ತಲೇ ಇದ್ದಳು. ಕುರಿ ಒದೆಯುವುದು ನಿಲ್ಲಿಸಿತು. ಮರಿ ಚೀಪತೊಡಗಿತು.

ಆಗ ಅವಳ ಕಿವಿಗೆ ಬಿತ್ತು, ತನ್ನದೇ ಧ್ವನಿ. ಎದೆಯಿಂದ ಏಳುವ, ಪ್ರತಿ ಶಬ್ದವೂ ಬಿಡಿಸಿಟ್ಟಂತಿರುವ ಇಳಿದನಿ. ಅವ್ವ ಹಟ್ಟಿಯಲ್ಲಿ ಆಡುತ್ತಿದ್ದ ಧ್ವನಿ ಅದು. ಕುರುಬರ ಮಗಳಿಗೆ ಗುಡ್ಡಕ್ಕೊಂದು, ಹಟ್ಟಿಗೊಂದು ಧ್ವನಿ ಇರುತ್ತದೆ. ಕುರಿ ಬಿಟ್ಟ ಮೇಲೆ ಎರಡನೆಯದನ್ನು ಅವಳು ಮರೆತೇಬಿಟ್ಟಿದ್ದಳು.

"ಅಣ್ಣಾ, ನಾ ಹೋಗ್ತೇನಿ" ಎಂದು ಎದ್ದವಳು ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದೇ ಧ್ವನಿಯಲ್ಲಿ "ಮಕ್ಕಳು ತಯಾರ, ರಸ್ತಾ ಖಾಲಿ" ಅನ್ನುತ್ತ ಬಂದಳು. ಪಕ್ಕದಲ್ಲಿ ಕುಳಿತಿದ್ದವಳು ಎದ್ದು ಬೇರೆ ಸೀಟಿಗೆ ಹೋದಳು.

ಸೋಮವಾರ ಸಂಜೆ ಗುಂಡಿ ಒತ್ತಿ, ಉಸಿರು ತಡೆದು, "ಮಕ್ಕಳು ತಯಾರ" ಅಂದಳು. ಅತ್ತಲಿಂದ ಯುನೂಸ ಕೇಳಿದ, "ಯಾರ್ರಿ ಮಾತಾಡಾಕತ್ತೀರಿ?"

"ನಾನಽರಿ ಸಾಹೇಬ್ರ, ರಂಗವ್ವ."

ಅಲ್ಲಿಂದ ಸೆಟ್ಟು ವಾಪಸ್ ಕೊಡುವ ಮಾತು ಯಾರೂ ಎತ್ತಲಿಲ್ಲ. ಆದರೆ ಎಲ್ಲ ಸರಿಯಿದ್ದಾಗ ಮೆಲ್ಲಗೆ ಮಾತಾಡುವುದು ದೊಡ್ಡದಲ್ಲ ಎಂದು ಅವಳಿಗೇ ಗೊತ್ತಿತ್ತು. ಜೀವ ಬಾಯಿಗೆ ಬಂದಾಗ ಯಾವ ಧ್ವನಿ ಬರುತ್ತದೋ ಎಂಬ ಅಂಜಿಕೆ ದಿನಾಲೂ ಗೇಟಿನಲ್ಲಿ ಅವಳ ಜೊತೆಗೇ ನಿಲ್ಲುತ್ತಿತ್ತು.

ಸುಗ್ಗಿ ಮುಗಿಯುವ ಹೊತ್ತಿಗೆ ಆ ದಿನ ಬಂತು. ಮೊದಲು ಚಿಕ್ಕ ತರಗತಿಯವರು ದಾಟಬೇಕು, ಆಮೇಲೆ ದೊಡ್ಡವರು. ಕಬ್ಬಿನ ಟ್ರ್ಯಾಕ್ಟರ್ ಒಂದು ಗೇಟಿನ ಮುಂದೆ ಹಾದು, ಏದುಸಿರು ಬಿಡುತ್ತ ದಿಬ್ಬ ಏರಿತು. ಅದು ನೆತ್ತಿ ಮುಟ್ಟುವವರೆಗೆ ಕಾದು ರಂಗವ್ವ "ಮಕ್ಕಳು ತಯಾರ" ಅಂದಳು. "ನಿಂತಾವ" ಎಂದು ಉತ್ತರ ಬಂತು. ಚಿಕ್ಕವರ ಸಾಲು ಹೊರಟಿತು. ಅವರ ಬೆನ್ನಿಗೆ ಗೇಟು ಹಾಕಿಕೊಂಡಿತು, ರಂಗವ್ವ ಸಾಲಿನ ಕೊನೆಯಲ್ಲಿ ನಡೆದಳು.

ಸಾಲು ಪೂರ್ತಿ ರಸ್ತೆಯ ಮೇಲಿದ್ದಾಗ ಸೆಟ್ಟು ಕಿರುಗುಟ್ಟಿತು. ಯುನೂಸನ ಧ್ವನಿ. "ಅಕ್ಕಾರ, ಹಿಂದಿನ ಟ್ರಾಲಿಯ ಪಿನ್ನು ಕಳಚೇತ್ರಿ. ಹಿಮ್ಮುಖ ಇಳಿದು ಬರಾಕತ್ತೈತಿ. ನಿಲ್ಲಸಾಕ ಆಗವಲ್ದು."

ತಲೆ ಎತ್ತಿದಳು. ದಿಬ್ಬದ ನೆತ್ತಿಯಿಂದ ಕಬ್ಬಿನ ಟ್ರಾಲಿ, ಎಳೆಯುವವರಿಲ್ಲದೆ, ತಡೆಯುವವರಿಲ್ಲದೆ ಹೊರಳಿ ಬರುತ್ತಿತ್ತು. ಮುಂದಿನ ಮಕ್ಕಳು ರೂಢಿಯಂತೆ ರಸ್ತೆಯಂಚಿಗೆ ಮುಟ್ಟಿ ಟೀಚರ ಮುಂದೆ ನಿಲ್ಲುತ್ತಿದ್ದರು. ಅವರು ನಿಂತರೆ ಹಿಂದಿನವರು ನಡುರಸ್ತೆಯಲ್ಲೇ ನಿಲ್ಲಬೇಕು. ರಂಗವ್ವನ ಗಂಟಲಿಗೆ ಗುಡ್ಡ ಏರಿ ಬಂತು. ಬಾಯಿ ತೆರೆದೂಬಿಟ್ಟಿತು. ಒದರಿದರೆ ಎಲ್ಲ ಮಕ್ಕಳೂ ನಿಲ್ಲುತ್ತಾರೆ, ನಿಂತು ಹೊರಳಿ ತನ್ನನ್ನೇ ನೋಡುತ್ತಾರೆ. ಅವಳು ಹಲ್ಲು ಕಚ್ಚಿದಳು.

ಗುಂಡಿ ಒತ್ತಿದಳು. ಉಸಿರು ತಡೆದಳು. "ಫರಹಾನಾ ಟೀಚರ, ಬಂದವ್ರನ್ನ ನಿಲ್ಲಿಸಬ್ಯಾಡ್ರಿ. ಅರ್ಜೂನ ಅಂಗಡಿ ಒಳಗ ಕಳಸ್ರಿ. ಕಳಸ್ತಽ ಇರ್ರಿ."

ಫರಹಾನಾಗೆ ಒಂದೊಂದು ಶಬ್ದವೂ ಕೇಳಿತು. ಮೊದಲ ಜೋಡಿಯ ಕೈಹಿಡಿದು ಅಂಗಡಿಯೊಳಗೆ ದಾಟಿಸಿದಳು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಸಾಲು ನಿಲ್ಲಲಿಲ್ಲ.

"ನಡೀರಿ ನನ್ನ ಕೂಸುಗೋಳ್ರ, ಲಗೂ ಲಗೂ, ಕೈ ಬಿಡಬ್ಯಾಡ್ರಿ" ಎಂದು ರಂಗವ್ವ ಹಟ್ಟಿಯ ಧ್ವನಿಯಲ್ಲಿ ಅನ್ನುತ್ತಲೇ ನಡೆದಳು. ಗಡಗಡ ಸದ್ದು ಹತ್ತಿರವಾಯಿತು. ಕೊನೆಯ ಜೋಡಿಯಲ್ಲಿದ್ದ ನಿಖತ ಸದ್ದಿಗೆ ಹೊರಳಿ ನಿಲ್ಲಲು ಹೋದಳು. ರಂಗವ್ವ ಅವಳ ಬೆನ್ನಿಗೆ ಅಂಗೈ ಇಟ್ಟಳು. "ಮುಂದ ನೋಡ ನನ್ನವ್ವ, ಅಂಗಡ್ಯಾಗ ಅರ್ಜು ಮಾಮಾ ಕರ್ಯಾಕತ್ತಾನ." ಹುಡುಗಿ ಮುಂದೆ ನೋಡಿದಳು, ನಡೆದಳು.

ಅವರು ಅಂಗಡಿಯ ಕಟ್ಟೆ ಏರಿದ್ದರೋ ಇಲ್ಲವೋ, ಟ್ರಾಲಿ ಅವರು ನಡೆದು ಬಂದ ಜಾಗದ ಮೇಲೆಯೇ ಹಾದು, ಆಚೆಯ ಚರಂಡಿಗೆ ಬಡಿದು ಮಗುಚಿತು. ರಸ್ತೆಯ ತುಂಬ ಕಬ್ಬು.

"ಅಕ್ಕಾರ? ಅಕ್ಕಾರ, ಮಾತಾಡ್ರಿ!" ದಿಬ್ಬದಾಚೆ ನಿಂತ ಯುನೂಸ ಸೆಟ್ಟಿನಲ್ಲಿ ಗೋಗರೆಯುತ್ತಿದ್ದ.

ರಂಗವ್ವ ಗುಂಡಿ ಒತ್ತಿದಳು. "ರಸ್ತಾ ಖಾಲಿ ಐತ್ರಿ ಸಾಹೇಬ್ರ. ಎಲ್ಲಾ ಮಕ್ಕಳೂ ಅಂಗಡ್ಯಾಗ ಅದಾವ, ಆರಾಮ ಅದಾವ."

ಮಕ್ಕಳಂತೂ ಆಗಲೇ ಕಬ್ಬಿಗಾಗಿ ಟೀಚರನ್ನು ಪೀಡಿಸತೊಡಗಿದ್ದವು. ರಂಗವ್ವ ಕಟ್ಟೆಯ ಮೇಲೆ ಕುಳಿತಳು. ಅರ್ಜು ಮಕ್ಕಳನ್ನು ಸರಿಸಿಕೊಂಡು, ಕುಂಟುತ್ತ ಹೊರಗೆ ಬಂದ. ಮಗುಚಿದ ಟ್ರಾಲಿ ನೋಡಿದ, ಅವಳನ್ನು ನೋಡಿದ.

"ದೊಡ್ಡವ್ವಾ, ನಾ ಇಲ್ಲೇ ಮಷಿನ್ ಮುಂದ ಕುಂತಿದ್ದೆ. ಇಷ್ಟೆಲ್ಲಾ ಆತು, ನಿನ್ನ ಧ್ವನಿ ನನಗ ಕೇಳಲಽ ಇಲ್ಲಲ್ಲ."

ಅವಳ ಕಣ್ಣು ತುಂಬಿ ಹರಿಯಿತು. ಅವನ ಗಿಡ್ಡ ಕಾಲಿನ ಪಾದವನ್ನು ಅಂಗೈಯಿಂದ ಸವರಿದಳು.

"ಒದರಲಿಲ್ಲಪಾ" ಅಂದಳು. "ಈ ಸಲ ಒದರಲಿಲ್ಲ."

ಅರ್ಜು ಅವಳ ಪಕ್ಕದಲ್ಲಿ ಕುಳಿತು, ತನ್ನ ಕಾಲಿನ ಮೇಲಿದ್ದ ಅವಳ ಕೈಯನ್ನು ಹಾಗೇ ಹಿಡಿದುಕೊಂಡ. ಎದುರಿಗೆ ಗೇಟಿನ ಸಂದಿಯಲ್ಲಿ ದೊಡ್ಡ ತರಗತಿಯ ಮಕ್ಕಳು ಮುಖ ಚಾಚಿ ನಿಂತಿದ್ದರು. ಅವರು ಇನ್ನೂ ದಾಟಬೇಕಿತ್ತು. ರಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಖಾಕಿ ಅಂಗಿ ಜಗ್ಗಿ ಸರಿಮಾಡಿಕೊಂಡು ಎದ್ದಳು. ಕಬ್ಬು ಸರಿಸಿ ದಾರಿ ಮಾಡಿಸಿದಳು. ಗೇಟಿಗೆ ಹೋಗಿ ನಿಂತು, ಸೆಟ್ಟನ್ನು ಬಾಯಿಂದ ಅಂಗೈಯಷ್ಟು ದೂರ ಹಿಡಿದು, "ಮಕ್ಕಳು ತಯಾರ" ಅಂದಳು.