ಪರದೆ ಆರಿದರೂ ನಿಲ್ಲದ ಹನಿ

ಪುಟ್ಟೀ, ಅಪ್ಪೂ, ನಿಮ್ಮ ಅಮ್ಮನನ್ನು ಎದುರಿಗೆ ಹೊಗಳಲು ಈ ಅಜ್ಜಿಗೆ ನಾಚಿಕೆ. ಊರಿನ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಬರೆದಿಡುತ್ತೇನೆ.

ಅಮ್ಮ ಆಗ ಮುಂಬಯಿ ಹತ್ತಿರದ ಮಹಾಪೆಯ ಆಫೀಸಿನಲ್ಲಿ, ರೋಗಿಯ ಕೈಗೆ ಹನಿಹನಿಯಾಗಿ ಔಷಧ ಬಿಡುವ ಯಂತ್ರದ ಕೆಲಸ ಮಾಡುತ್ತಿದ್ದಳು. ಅದರೊಳಗೆ ಒಂದು ಪುಟ್ಟ ಕಂಪ್ಯೂಟರ್. ಕಂಪ್ಯೂಟರಿನ ಎಲ್ಲ ಕೆಲಸವನ್ನೂ ನಡೆಸುವ ಒಳಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಪರದೆ, ಎಚ್ಚರಿಕೆಯ ಗಂಟೆ, ಮೋಟರು ನೋಡಿಕೊಳ್ಳುವ ಪ್ರೋಗ್ರಾಮುಗಳನ್ನು ಕರ್ನಲಿನ ಒಳಗೇ ಸೇರಿಸುವುದೋ, ಕರ್ನಲನ್ನು ಚಿಕ್ಕದಾಗಿಟ್ಟು ಅವನ್ನು ಹೊರಗೆ ಬೇರೆ ಬೇರೆ ಇಡುವುದೋ? ಸೋಮವಾರ ಅವಳು ಉತ್ತರ ಹೇಳಬೇಕಿತ್ತು. ಆಫೀಸಿನ ಸಾಹೇಬರಿಗೆ ಒಳಗೆ ಸೇರಿಸುವುದೇ ಇಷ್ಟ. ಕೆಲಸ ಬೇಗ ಮುಗಿಯುತ್ತದೆ, ಯಂತ್ರವೂ ಚುರುಕು.

ಭಾನುವಾರ ಡೊಂಬಿವಲಿಯ ನಮ್ಮ ಊಟದ ಮೇಜಿನ ತುಂಬ ಅವಳು ಮನೆಗೆ ತಂದ ಆ ಯಂತ್ರ, ವಯರು. ನಾನು ಬಸಳೆ ಹಿಡಿದು ನೆಲದಲ್ಲಿ ಕುಳಿತೆ.

"ಒಳಗಿಟ್ಟರೆ ಎಂತ ತೊಂದರೆ ಮಾರಾಯ್ತಿ?"

"ಕಲ್ಯಾಣದ ಹೋಟೆಲಿನಲ್ಲಿ ಮಾವ ಪಾವ್‌ಭಾಜಿಯವನನ್ನು ಒಳಗೆ ಸೇರಿಸಿದ್ದು ನೆನಪುಂಟಾ ಅತ್ತೆ?"

ನೆನಪಿಲ್ಲದೆ ಏನು! ನಿಮ್ಮ ಅಜ್ಜನ ಹೋಟೆಲಿನ ಅಡುಗೆಮನೆಗೆ ಭಟ್ಟರ ಕಡೆಯವರ ಹೊರತು ಯಾರೂ ಕಾಲಿಡುವಂತಿರಲಿಲ್ಲ. ಸಪ್ಲಾಯರ್ ಕಿಟಕಿಯಲ್ಲೇ ಆರ್ಡರ್ ಕೂಗಿ, ಕಿಟಕಿಯಲ್ಲೇ ತಿಂಡಿ ತೆಗೆದುಕೊಳ್ಳಬೇಕು. ಪಾವ್‌ಭಾಜಿ ಶುರುಮಾಡಿದಾಗ ಮಾತ್ರ ಅಜ್ಜ, ಬೇಗ ಆಗಲಿ ಎಂದು, ಅವನ ತವೆಯನ್ನು ಒಳಗೇ ಹಾಕಿಸಿ ಭಟ್ಟರ ಗ್ಯಾಸಿನ ಪೈಪಿಗೇ ಜೋಡಿಸಿದರು. ಒಂದು ಸಂಜೆ ಅವನ ಒಲೆಯ ರಬ್ಬರ್ ಸುಟ್ಟಿತು. ಗ್ಯಾಸ್ ಬಂದ್ ಮಾಡಬೇಕಾಯಿತು. ಇಡ್ಲಿ, ಸಾಂಬಾರು, ಚಹಾ ಎಲ್ಲವೂ ನಿಂತವು. "ನಿಮ್ಮ ಪಾವಿಗೆ ನನ್ನ ಇಡ್ಲಿ ಎಂತ ಪಾಪ ಮಾಡಿತ್ತು ಧಣಿ?" ಎಂದು ಭಟ್ಟರು ಕೇಳಿದ್ದರು. ತವೆ ಬೇರೆ ಸಿಲಿಂಡರಿನೊಂದಿಗೆ ಹೊರಗೆ ಹೋಯಿತು.

"ಹಾಗಾದರೆ ಹೊರಗಿಡು, ಮುಗೀತಲ್ಲ."

"ಹೊರಗಿಟ್ಟರೆ ಎಲ್ಲದಕ್ಕೂ ಕಿಟಕಿಯಲ್ಲಿ ಕೂಗ್ಬೇಕು ಅತ್ತೆ. ತಡ ಆಗ್ತದೆ. ಔಷಧದ ಹನಿ ತಡ ಆದರೆ ರೋಗಿಯ ಗತಿ?"

ನಾನು ಬಸಳೆ ಬೇಯಲು ಇಟ್ಟೆ. ಅವಳು ಉಗುರು ಕಚ್ಚುತ್ತ ಕುಳಿತಳು. ಬಸಳೆ ಬೆಂದು, ತೆಂಗಿನಕಾಯಿ ಅರೆಯುವ ಹೊತ್ತಿಗೆ ಒಮ್ಮೆಲೇ ನಕ್ಕಳು. "ಸಪ್ಲಾಯರ್ ನಾಲ್ಕು ಟೇಬಲಿನದ್ದು ಒಟ್ಟಿಗೆ ಕೂಗ್ತಿದ್ದ ಅಲ್ವಾ! ಹನಿಯ ಮಾತು ಮೊದಲು ಹೋಗ್ಲಿ, ಪರದೆಯದ್ದೆಲ್ಲ ಒಟ್ಟು ಮಾಡಿ ಆಮೇಲೆ ಒಂದೇ ಸಲಕ್ಕೆ."

ಸಂಜೆಗೆ ಎರಡು ಬಗೆಯೂ ಸಿದ್ಧವಾದವು. ಮೊದಲನೆಯದರಲ್ಲಿ, ಎಲ್ಲವನ್ನೂ ಒಳಗೆ ಸೇರಿಸಿದ್ದರಲ್ಲಿ, ಪರದೆಯ ಪ್ರೋಗ್ರಾಮನ್ನು ಬೇಕೆಂದೇ ಕೆಡಿಸಿದಳು. ಎಲ್ಲವೂ ನಿಂತು, ಹನಿ ನಳಿಗೆಯ ತುದಿಯಲ್ಲೇ ಉಳಿಯಿತು. ಹೊರಗಿಟ್ಟ ಎರಡನೆಯದರಲ್ಲೂ ಕೆಡಿಸಿದಳು. ಪರದೆ ಕಪ್ಪಾಯಿತು, ಆದರೆ ಸ್ಟೀಲ್ ಲೋಟಕ್ಕೆ ಹನಿ ಬೀಳುತ್ತಲೇ ಇತ್ತು, ಟಪ್, ಟಪ್. ಸ್ವಲ್ಪ ಹೊತ್ತಿನಲ್ಲಿ ಪರದೆ ತಾನಾಗಿ ಬೆಳಗಿತು. "ಫಿರ್ ಸೆ ಕರೋ ನಾ ಮಮ್ಮೀ!" ಎಂದು, ಇನ್ನೊಮ್ಮೆ ಮಾಡಮ್ಮಾ ಅಂತ ನೀವು ಕುಣಿದದ್ದು ನಿಮಗೆ ನೆನಪಿರಲಿಕ್ಕಿಲ್ಲ.

ಸೋಮವಾರ ಠಾಣೆ ಸ್ಟೇಷನ್ನಿನಲ್ಲಿ ರೈಲುಗಾಡಿ ಬದಲಿಸಿ ಮನೆಗೆ ಬಂದವಳ ಮುಖ ನೋಡಿಯೇ ನನಗೆ ತಿಳಿಯಿತು.

"ಹೊರಗೇ ಇಡುವುದು ಅಂತ ಆಯ್ತು ಅತ್ತೆ. ಸಾಹೇಬರೇ ಪರದೆ ಕೆಡಿಸಿ ಕೆಡಿಸಿ ನೋಡಿದ್ರು."

ಬೇರೆ ಕೆಲಸಗಳಿಗೆ ಒಳಗೆ ಸೇರಿಸುವುದೇ ಸರಿಯಂತೆ, ಸಾಹೇಬರದ್ದು ತಪ್ಪಲ್ಲ ಎಂದೂ ಹೇಳಿದಳು. ಗೆದ್ದ ದಿನವೂ ಹಾಗೆ ಹೇಳುವವಳು ಅವಳು. ನಾನು ಚಹಾ ಕೊಟ್ಟೆ.

ನಿಮಗೆ ಕನ್ನಡ ಓದಲು ಕಷ್ಟವೆಂದು ಗೊತ್ತು. ಅಮ್ಮನಿಂದ ಓದಿಸಿದರೆ ಹೊಗಳಿದ ಸಾಲುಗಳನ್ನು ಹಾರಿಸಿಬಿಡುತ್ತಾಳೆ. ಅದಕ್ಕೇ ಈ ಹಾಳೆಗಳು ನಿಮ್ಮ ಬಳಿಯೇ ಜೋಪಾನವಾಗಿರಲಿ, ನೀವೇ ಓದುವಷ್ಟು ಕಲಿಯುವವರೆಗೆ.