ಒಬ್ಬರಿಗೆ ಮಾತ್ರ ಹೇಳಿದ್ದು

ಶಹರ್ಬಾನು ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದಳು. ಹುಟ್ಟೂರು ಉಡುಪಿ ಕಡೆ. ಗಂಡ ಉಜೈರ್‌ಗೆ ಮಲೇಷ್ಯಾದಲ್ಲಿ ಇಂಜಿನಿಯರ್ ಕೆಲಸ ಸಿಕ್ಕಮೇಲೆ ಸುಬಾಂಗ್ ಜಯಾದಲ್ಲಿ ಮನೆ ಮಾಡಿದ್ದರು. ಅವಳ ಪಿಎಚ್‌ಡಿ ವಿಷಯ ಕೇಳಿದವರೆಲ್ಲ ನಗುತ್ತಿದ್ದರು. ಅಮೆರಿಕದ ಅಧ್ಯಕ್ಷರ ಹಿರಿಯ ಸಲಹೆಗಾರರು ಯಾಕೆ ಇಷ್ಟು ಬೇಗ ಬೇಗ ಬದಲಾಗುತ್ತಾರೆ ಎಂಬುದು ಆ ವಿಷಯ. ‘ಮನೆಯವರ ಜೊತೆ ಕಾಲ ಕಳೆಯಬೇಕು’ ಎಂದು ಪತ್ರಿಕೆಗಳಿಗೆ ಹೇಳಿ ಹೋದವರಲ್ಲಿ ನಿಜವಾಗಿ ಬಿಟ್ಟವರು ಯಾರು, ಹೊರಗೆ ದಬ್ಬಿಸಿಕೊಂಡವರು ಯಾರು ಎಂಬುದು ಅವಳಿಗೆ ತಿಳಿಯಬೇಕಿತ್ತು.

ಮಾಜಿ ಸಲಹೆಗಾರರಿಗೆ ಪತ್ರ ಬರೆದಳು. ಹೆಚ್ಚಿನವರು ಉತ್ತರಿಸಲಿಲ್ಲ. ಪ್ರೂಯಿಟ್ ಎಂಬ ವಯಸ್ಸಾದವರೊಬ್ಬರು ಮಾತ್ರ ವಿಡಿಯೊ ಕರೆಯಲ್ಲಿ ಸಿಕ್ಕರು. ಹಲವು ಸಲ ಮಾತಾಡಿದ ಮೇಲೆ ಒಂದು ದಿನ ತಾವಾಗಿಯೇ ಬಾಯಿಬಿಟ್ಟರು. ಕೆಲಸದಲ್ಲಿದ್ದಾಗ ಅವರಿಗೆ ಖಿನ್ನತೆ ಕಾಡಿತ್ತು, ಗುಟ್ಟಾಗಿ ಔಷಧಿ ತೆಗೆದುಕೊಳ್ಳುತ್ತಿದ್ದರು. ಅದು ಗೊತ್ತಿದ್ದದ್ದು ತಾವೇ ಕರೆತಂದು ಬೆಳೆಸಿದ್ದ ಸಹಾಯಕನಿಗೆ ಮಾತ್ರ. ಅವನು ಅದನ್ನು ಅಧ್ಯಕ್ಷರ ಕಿವಿಗೆ ಹಾಕಿ ಇವರ ಕುರ್ಚಿಯಲ್ಲಿ ಕೂತ. “ಇದನ್ನು ನನ್ನ ಮಕ್ಕಳಿಗೂ ಹೇಳಿಲ್ಲ, ಹೆಸರು ಹಾಕಬೇಡಿ,” ಎಂದರು. ಬಾನು ಮಾತು ಕೊಟ್ಟಳು.

ಹೆಸರಿಲ್ಲದೆ ಇದನ್ನು ಬರೆಯುವುದು ಹೇಗೆಂದು ಅವಳಿಗೆ ತೋಚಲಿಲ್ಲ. ಕೇಳಲು ಇದ್ದದ್ದು ಮೋಹಿನಿ ಅಕ್ಕ. ಮಣಿಪಾಲದವಳು, ವಿಭಾಗದಲ್ಲಿ ಹಿರಿಯಳು, ಬಾನುವಿನ ಪ್ರಬಂಧದ ಮಾರ್ಗದರ್ಶಕಿ. ದಿನವೂ ಬಾನುವನ್ನು ಕೆಲಸಕ್ಕೆ ತನ್ನ ಕಾರಿನಲ್ಲೇ ಕರೆದೊಯ್ಯುತ್ತಿದ್ದಳು. ಮಗಳು ಉಝ್ಮಾ ಹುಟ್ಟಿದಾಗ ಬಾಣಂತನದ ಕಷಾಯ ಮಾಡಿಕೊಟ್ಟವಳೂ ಅವಳೇ. ಹೈವೇ ಜಾಮಿನಲ್ಲಿ ಕೂತಿದ್ದಾಗ ಬಾನು ಎಲ್ಲವನ್ನೂ ಹೇಳಿದಳು.

“ನನ್ನ ಹತ್ರ ಇರ್ತದೆ, ನೀನು ತಲೆಬಿಸಿ ಮಾಡ್ಬೇಡ,” ಎಂದಳು ಮೋಹಿನಿ.

ಕೆಲವು ವಾರಗಳ ನಂತರ ವಿಭಾಗದಲ್ಲಿ ಆನ್‌ಲೈನ್ ಉಪನ್ಯಾಸ. ಬಾನು ಕೇಳಿಕೊಂಡಳೆಂದೇ ಪ್ರೂಯಿಟ್ ಒಪ್ಪಿದ್ದರು. ನಡೆಸಿಕೊಟ್ಟವಳು ಮೋಹಿನಿ. ಸಭಾಂಗಣದ ತುಂಬ ವಿದ್ಯಾರ್ಥಿಗಳು, ಪರದೆಯ ಮೇಲೆ ಆ ಮುದುಕರ ಮುಖ. ಮೋಹಿನಿ ನಗುತ್ತ ಮೈಕ್ ಹಿಡಿದು ಕೇಳಿದಳು: ನಿಮ್ಮ ಖಿನ್ನತೆಯ ಸುದ್ದಿಯನ್ನು ನಿಮ್ಮ ಸಹಾಯಕನೇ ಅಧ್ಯಕ್ಷರಿಗೆ ಮುಟ್ಟಿಸಿದ್ದರಿಂದ ನೀವು ಹೋಗಬೇಕಾಯಿತಂತೆ, ಹೌದೇ?

“ಇದನ್ನು ನಿಮ್ಮಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೆ,” ಎಂದರು ಪ್ರೂಯಿಟ್. ಪರದೆ ಖಾಲಿಯಾಯಿತು.

ಬಾನು ಹೊರಗೆ ಓಡಿಬಂದು ಮೋಹಿನಿಯನ್ನು ತಡೆದಳು. “ಯಾಕಕ್ಕ ಹೀಗೆ ಮಾಡಿದ್ರಿ?”

“ಎಲ್ರೂ ಎಷ್ಟು ಕಿವಿಕೊಟ್ಟು ಕೇಳಿದ್ರು ನೋಡಿದ್ಯಾ? ಡೀನ್ ಕೂಡ ಹೊಗಳಿದ್ರು. ಹಳೇ ಕಥೆ ಅಲ್ವಾ, ಅವರೇನು ನಾಳೆ ನಿನ್ನ ಮನೆಗೆ ಬರ್ತಾರಾ ಮಾರಾಯ್ತಿ?”

“ಅವರು ಹೇಳಿದ್ದು ನನ್ನನ್ನು ನಂಬಿ. ನಾನು ಹೇಳಿದ್ದು ನಿಮ್ಮನ್ನು ನಂಬಿ.”

ಮೋಹಿನಿ ಅವಳ ಭುಜ ತಟ್ಟಿ ಡೀನ್ ಜೊತೆ ಊಟಕ್ಕೆ ಹೋದಳು.

ಮನೆಯಲ್ಲಿ ಬಾನು ಅಳುವುದನ್ನು ನೋಡಿ ಉಝ್ಮಾ ಪಕ್ಕದಲ್ಲಿ ಕೂತು, ಗುಟ್ಟು ಹೊರಬಿದ್ದ ಬಗೆಯನ್ನು ಕೇಳಿ ತಿಳಿದಳು. “ಮಮ್ಮಿ, ಜಸ್ಟ್ ಟೆಲ್ ಹಿಮ್ ಇಟ್ ವಾಸ್ ಮೋಹಿನಿ ಆಂಟಿ.”

“ಹೇಳಿದ್ದು ನಾನಲ್ವಾ ಮಗಾ,” ಎಂದಳು ಬಾನು. ಪ್ರೂಯಿಟ್‌ಗೆ ಹಾಗೆಯೇ ಬರೆದಳು, ಯಾರ ಹೆಸರನ್ನೂ ಎತ್ತಲಿಲ್ಲ. ತಮ್ಮ ಮಾತುಗಳನ್ನು ಎಲ್ಲೂ ಬಳಸಕೂಡದು ಎಂಬ ಒಂದೇ ಸಾಲು ಉತ್ತರವಾಗಿ ಬಂತು. ತನ್ನ ಪ್ರಬಂಧದಲ್ಲೇ ಒಳ್ಳೆಯದೆನಿಸಿದ್ದ ಆ ಅಧ್ಯಾಯವನ್ನು ಅವಳು ಇಡಿಯಾಗಿ ತೆಗೆದುಹಾಕಿದಳು. ಬೇರೆ ಮಾರ್ಗದರ್ಶಕರನ್ನು ಕೇಳಿ ಪಡೆದಳು.

ಈಗ ಕೆಲಸಕ್ಕೆ ರೈಲಿನಲ್ಲಿ ಹೋಗುತ್ತಾಳೆ, ನಡುವೆ ಇಳಿದು ಗಾಡಿ ಬದಲಿಸಬೇಕು. ಆ ವರ್ಷವೇ ವಿಭಾಗದ ಮುಖ್ಯಸ್ಥೆಯಾದ ಮೋಹಿನಿ ಒಮ್ಮೆ ಸ್ಟೇಷನ್ ಬಳಿ ಕಾರು ನಿಲ್ಲಿಸಿ, “ಇನ್ನೂ ಕೋಪ ಉಂಟಾ?” ಎಂದು ಕೇಳಿದಳು.

“ಕೋಪ ಇಲ್ಲಕ್ಕ. ನಿಮ್ಮ ಹತ್ರ ಹೇಳ್ಲಿಕ್ಕೆ ಏನೂ ಉಳಿದಿಲ್ಲ,” ಎಂದು ಬಾನು ಮೆಟ್ಟಿಲು ಹತ್ತಿದಳು.

ಪ್ರಬಂಧವೇನೋ ಪಾಸಾಯಿತು. ಸಲಹೆಗಾರರ ಒಳಗಿನ ಕಾರಣಗಳ ಬಗ್ಗೆ ಇನ್ನಷ್ಟು ಬೇಕಿತ್ತು ಎಂದು ಪರೀಕ್ಷಕರು ಹೇಳಿದಾಗ ಅವಳು, “ಹೌದು, ಬೇಕಿತ್ತು,” ಎಂದಷ್ಟೇ ಹೇಳಿದಳು.